ಕೊಟ್ಟುಬಿಡುವುದು, ಬಿಟ್ಟುಕೊಡುವುದು

ಕನ್ನಡ ಪಾಠ ಹೇಳಿ ನಿವೃತ್ತನಾದವನೊಬ್ಬ ಇಂಗ್ಲಿಷಿನ ಕ್ರಿಯಾಪದವೊಂದನ್ನು ಕುರಿತು ಮಾತನಾಡಹೊರಟರೆ ಅದು ಅಧಿಕಪ್ರಸಂಗವೆಂದು ಕೆಲವು ಶ್ರೋತೃಗಳಿಗೆ ತೋರಬಹುದು. ಇಂಗ್ಲಿಷ್ ಮೇಷ್ಟರುಗಳಿಗೇನು ಬರವೆ ಎಂದು ಕೇಳಬಹುದು. ನನ್ನ ಸಮಾಧಾನ ಇಷ್ಟೆ: ನಮ್ಮ ಸಣ್ಣ ಊರುಗಳ ಹುಡುಗ ಹುಡುಗಿಯರು ಇಂಗ್ಲಿಷನ್ನು ಕಲಿಯುವುದು ಕನ್ನಡದ ಮೂಲಕವೇ. ಅವರ ಮನಸ್ಸಿನಲ್ಲಿ ಮೊದಲು ಏಳುವುದು ಕನ್ನಡದ ಮಾತು. ಇಂಗ್ಲಿಷ್ ಮಾತು ಅದರ ಕೈಹಿಡಿದುಕೊಂಡು ಒಳಗೆ ಬರಬೇಕು. ಹಾಗೆ ಕೈಹಿಡಿಯಬಲ್ಲ ಕನ್ನಡದ ಮಾತು ಯಾವುದು ಎಂದು ಹುಡುಕಿಕೊಡುವ ಕೆಲಸದಲ್ಲಿ ಕನ್ನಡ ಮೇಷ್ಟರಿಗೂ ಒಂದು ಪಾಲುಂಟು.

ಈ ಹೊತ್ತು ನಾನು ಎತ್ತಿಕೊಂಡಿರುವುದು ‘ಗಿವ್ ಅಪ್’ ಎಂಬ ಎರಡು ಪುಟ್ಟ ಪದಗಳ ಜೋಡಿಯನ್ನು. ‘ಗಿವ್’ ಎಂದರೆ ಕೊಡು, ‘ಅಪ್’ ಎಂದರೆ ಮೇಲೆ. ಇದು ಐದನೆಯ ತರಗತಿಯ ಮಗುವಿಗೂ ಗೊತ್ತು. ಆದರೆ ‘ಹಿ ಗೇವ್ ಅಪ್ ಕಾಫಿ’ ಎಂಬ ವಾಕ್ಯವನ್ನು ಆ ಮಗುವಿನ ಮುಂದಿಟ್ಟರೆ, ಅವನು ಮಹಡಿಯ ಮೇಲಿನವರಿಗೆ ಕಾಫಿ ಕೊಟ್ಟ ಎಂದು ಅದು ಹೇಳಿದರೆ ತಪ್ಪು ಮಗುವಿನದಲ್ಲ. ಕೊಡುವುದೂ ಇಲ್ಲಿಲ್ಲ, ಮೇಲೆ ಎಂಬುದೂ ಇಲ್ಲಿಲ್ಲ. ಅವನು ಕಾಫಿ ಕುಡಿಯುವುದನ್ನು ಬಿಟ್ಟ, ಅಷ್ಟೆ.

ಇಂಥ ಜೋಡಿಪದಗಳಿಗೆ ಇಂಗ್ಲಿಷಿನವರು ‘ಫ್ರೇಸಲ್ ವರ್ಬ್’ ಎಂದು ಹೆಸರಿಟ್ಟಿದ್ದಾರೆ. ಹೆಸರು ತೀರ ಹಳೆಯದಲ್ಲ. ಲೋಗನ್ ಪಿಯರ್ಸಾಲ್ ಸ್ಮಿತ್ ಎಂಬ ವಿದ್ವಾಂಸ 1925ರಲ್ಲಿ ಪ್ರಕಟಿಸಿದ ನುಡಿಗಟ್ಟುಗಳ ಗ್ರಂಥದಿಂದ ಅದು ಬಳಕೆಗೆ ಬಂತು. ಆ ಹೆಸರನ್ನು ಅವನಿಗೆ ಸೂಚಿಸಿದವನು ಆಕ್ಸ್‌ಫರ್ಡ್ ನಿಘಂಟಿನ ಸಂಪಾದಕರಲ್ಲೊಬ್ಬನಾದ ಹೆನ್ರಿ ಬ್ರ್ಯಾಡ್ಲಿ. ಹೆಸರು ಹೊಸದಾದರೂ ತೊಂದರೆ ಹಳೆಯದು. ಡಾಕ್ಟರ್ ಜಾನ್ಸನ್ 1755ರ ತನ್ನ ನಿಘಂಟಿನ ಮುನ್ನುಡಿಯಲ್ಲಿಯೇ, ಕ್ರಿಯಾಪದದ ಬೆನ್ನಿಗೆ ಹತ್ತುವ ಈ ಚಿಲ್ಲರೆ ಪದಗಳಿಂದ ಪರದೇಶೀಯರಿಗೆ ಆಗುವಷ್ಟು ಕಷ್ಟ ಬೇರಾವುದರಿಂದಲೂ ಆಗದೆಂದು ಗುರುತಿಸಿದ್ದಾನೆ. ಅವನು ಅಲ್ಲಿ ಕೊಟ್ಟ ಉದಾಹರಣೆಗಳಲ್ಲಿ ‘ಗಿವ್ ಓವರ್’ ಎಂಬುದೂ ಒಂದು. ನಿಲ್ಲಿಸು, ಬಿಡು ಎಂದು ಅದರ ಅರ್ಥ. ಇಂದು ಆ ಜಾಗದಲ್ಲಿ ಹೆಚ್ಚಾಗಿ ‘ಗಿವ್ ಅಪ್’ ಕುಳಿತಿದೆ.

ನಮ್ಮಲ್ಲಿ ಇವನ್ನು ಕಲಿಸುವ ಕ್ರಮ ಎಲ್ಲರೂ ಬಲ್ಲದ್ದು. ಗೈಡಿನ ಒಂದು ಪುಟ. ಎಡಗಡೆ ಇಪ್ಪತ್ತು ಜೋಡಿಪದ, ಬಲಗಡೆ ಇಪ್ಪತ್ತು ಅರ್ಥ. ‘ಗಿವ್ ಅಪ್’ ಎಂಬುದರ ಎದುರಿಗೆ ‘ಅಬ್ಯಾಂಡನ್’ ಎಂದಿರುತ್ತದೆ. ಹುಡುಗ ನಿಘಂಟು ತೆರೆದು ‘ಅಬ್ಯಾಂಡನ್’ ಎಂದರೆ ‘ತ್ಯಜಿಸು’ ಎಂದು ತಿಳಿದುಕೊಳ್ಳುತ್ತಾನೆ. ಪರಿಣಾಮವಾಗಿ ಅವನ ಉತ್ತರಪತ್ರಿಕೆಯಲ್ಲಿ ‘ನನ್ನ ಮಾವನು ಬೀಡಿಯನ್ನು ತ್ಯಜಿಸಿದನು’ ಎಂದು ಬರುತ್ತದೆ. ರಾಜ್ಯಕೋಶಗಳನ್ನು ತ್ಯಜಿಸಿದವರನ್ನು ಕೇಳಿದ್ದೇವೆ. ಬೀಡಿಯನ್ನು ತ್ಯಜಿಸಿದ ಮಾವನನ್ನು ಯಾರೂ ಕಂಡಿಲ್ಲ. ಮಾವ ಬೀಡಿ ಬಿಟ್ಟ. ಇಲ್ಲಿ ಹುಡುಗ ಕಳೆದುಕೊಂಡದ್ದು ಅರ್ಥವನ್ನಲ್ಲ, ಮಾತಿನ ಮನೆತನವನ್ನು. ಇಂಗ್ಲಿಷಿನಲ್ಲಿ ‘ಅಬ್ಯಾಂಡನ್’, ‘ರಿನೌನ್ಸ್’, ‘ರಿಲಿಂಕ್ವಿಶ್’ ಎಂಬುವೆಲ್ಲ ಫ್ರೆಂಚ್, ಲ್ಯಾಟಿನ್ ಕಡೆಯಿಂದ ಬಂದು ಗದ್ದುಗೆ ಏರಿದ ಮಾತುಗಳು. ‘ಗಿವ್ ಅಪ್’ ಅಡಿಗೆಮನೆಯ ಮಾತು. ನಮ್ಮಲ್ಲಿ ‘ತ್ಯಜಿಸು’ ಮೇಲಿನ ಪಂಕ್ತಿಯದು, ‘ಬಿಡು’ ಮನೆಯದು. ಮನೆಮಾತಿಗೆ ಮನೆಮಾತೇ ಜೋಡಿಯಾಗಬೇಕು.

‘ಬಿಡು’ ಎಂದೆನಲ್ಲವೆ? ನನ್ನ ಮಾತಿನ ತಿರುಳು ಇರುವುದು ಅಲ್ಲಿಯೇ. ‘ಅಪ್’ ಎಂಬುದಕ್ಕೆ ‘ಮೇಲೆ’ ಎಂಬ ಅರ್ಥವನ್ನೇ ಹಿಡಿದು ಕುಳಿತರೆ ದಾರಿ ಕಾಣದು. ‘ಈಟ್’ ಎಂದರೆ ತಿನ್ನು, ‘ಈಟ್ ಅಪ್’ ಎಂದರೆ? ತಟ್ಟೆಯಲ್ಲಿ ಏನೂ ಉಳಿಸದೆ ತಿಂದುಬಿಡು. ‘ಡ್ರಿಂಕ್ ಅಪ್’ ಎಂದರೆ ಕುಡಿದುಬಿಡು. ‘ಫಿನಿಶ್ ಅಪ್’ ಎಂದರೆ ಮುಗಿಸಿಬಿಡು. ಇಲ್ಲೆಲ್ಲ ‘ಅಪ್’ ಕೆಲಸದ ಪೂರ್ಣತೆಯನ್ನು ಹೇಳುತ್ತದೆ. ಇನ್ನೇನೂ ಬಾಕಿಯಿಲ್ಲ, ಹಿಂದಿರುಗಿ ನೋಡಬೇಕಾದ್ದಿಲ್ಲ ಎನ್ನುತ್ತದೆ. ಕನ್ನಡದಲ್ಲಿ ಆ ಕೆಲಸವನ್ನು ಮಾಡುವುದು ಕ್ರಿಯಾಪದದ ಬೆನ್ನಿಗೆ ಹತ್ತುವ ನಮ್ಮ ‘ಬಿಡು’. ಹಾಗಾದರೆ ‘ಗಿವ್ ಅಪ್’ ಎಂಬುದನ್ನು ಅಕ್ಷರಶಃ ಕನ್ನಡಿಸಿ ನೋಡಿ: ‘ಕೊಟ್ಟುಬಿಡು’. ಪೂರ್ತಿಯಾಗಿ ಕೊಟ್ಟುಬಿಡು, ಕೈಯಲ್ಲಿ ಏನೂ ಉಳಿಸಿಕೊಳ್ಳಬೇಡ. ಕಾಫಿಯನ್ನು ಹಾಗೆ ಕೊಟ್ಟುಬಿಟ್ಟವನು ಇನ್ನು ಕಾಫಿ ಕುಡಿಯಲಾರ. ಗೈಡಿನ ಬಲಗಡೆಯ ಪಟ್ಟಿಯನ್ನು ಕಂಠಪಾಠ ಮಾಡದೆಯೇ ಅರ್ಥ ತಾನಾಗಿ ಬಂದು ನಿಂತಿತು.

ಇದನ್ನು ತರಗತಿಯಲ್ಲಿ ಹೇಳಿದಾಗ ಹುಡುಗರ ಮುಖದಲ್ಲಿ ಒಂದು ಬಗೆಯ ನಿರಾಳ ಕಾಣುತ್ತಿತ್ತು. ಇಷ್ಟು ದಿನ ಪರರ ಮನೆಯ ಬೀಗವೆಂದುಕೊಂಡಿದ್ದಕ್ಕೆ ತಮ್ಮ ಸೊಂಟದ ಕೀಲಿಯೇ ಹೊಂದುತ್ತದೆಂದು ಗೊತ್ತಾದಾಗ ಬರುವ ನಿರಾಳ ಅದು. ಆದರೆ ಕೀಲಿ ಎಲ್ಲ ಬೀಗಕ್ಕೂ ಹೊಂದದು. ‘ಗೆಟ್ ಅಪ್’, ‘ಸ್ಟ್ಯಾಂಡ್ ಅಪ್’ ಎಂಬಲ್ಲಿ ‘ಅಪ್’ ನಿಜವಾಗಿಯೂ ಮೇಲಕ್ಕೇ ಹೋಗುತ್ತದೆ. ಇನ್ನೊಂದು ಕಡೆ, ಇಂಗ್ಲಿಷ್ ಒಂದೇ ‘ಅಪ್’ನಿಂದ ಸಾಗಿಸುವುದನ್ನು ಕನ್ನಡ ಮೂರು ನಾಲ್ಕು ಪದಗಳಿಗೆ ಹಂಚುತ್ತದೆ. ಕಾಗದವನ್ನು ‘ಟೇರ್ ಅಪ್’ ಮಾಡಿದರೆ ನಾವು ಹರಿದುಹಾಕಿದ ಎನ್ನುತ್ತೇವೆ. ಅಲ್ಲಿ ಸ್ವಲ್ಪ ಸಿಟ್ಟಿದೆ. ಬಾವಿ ‘ಡ್ರೈ ಅಪ್’ ಆದರೆ ಬತ್ತಿಹೋಯಿತು ಎನ್ನುತ್ತೇವೆ. ಅಲ್ಲಿ ಮಾಡಿದವರು ಯಾರೂ ಇಲ್ಲ, ತಾನಾಗಿ ಆದದ್ದು. ‘ಅವನು ಬಂದುಬಿಟ್ಟ’ ಎಂಬಲ್ಲಿ ಬರುವ ಕೆಲಸ ಪೂರ್ತಿಯಾದುದಕ್ಕಿಂತ ನಮಗಾದ ಆಶ್ಚರ್ಯವೋ ಗಾಬರಿಯೋ ಮುಖ್ಯ; ಆ ಛಾಯೆಯನ್ನು ‘ಕಮ್ ಅಪ್’ ಎಂದು ತರಹೋದರೆ ಅರ್ಥ ಕೆಡುತ್ತದೆ.

ಪದದ ಹಿಂದೆಯೋ ಮುಂದೆಯೋ ಒಂದು ಚಿಕ್ಕ ಪದವನ್ನು ಅಂಟಿಸಿ ಅರ್ಥವನ್ನು ತಿರುಗಿಸುವುದು ಇಂಗ್ಲಿಷಿನ ಸ್ವಂತ ಚಮತ್ಕಾರವೇನಲ್ಲ. ಸಂಸ್ಕೃತದ ಉಪಸರ್ಗಗಳನ್ನು ಬಲ್ಲವರಿಗೆ ಇದು ಹೊಸದಲ್ಲ: ಒಂದೇ ಧಾತುವಿನಿಂದ ಆಹಾರ, ವಿಹಾರ, ಸಂಹಾರ, ಪ್ರಹಾರ ಎಲ್ಲವೂ ಹುಟ್ಟುತ್ತವೆ. ಹಳೆಯ ಇಂಗ್ಲಿಷಿನಲ್ಲಿಯೂ ಇಂಥ ಪದಗಳು ಧಾತುವಿನ ಮುಂದೆ ಸೇರುತ್ತಿದ್ದವು. ಕ್ಷಮಿಸು ಎಂಬರ್ಥದ ‘ಫರ್ಗಿವ್’ ಅಂಥದೊಂದು ಪಳೆಯುಳಿಕೆ. ಅದರಲ್ಲಿ ಅಡಗಿರುವುದೂ ಈ ‘ಗಿವ್’ ತಾನೆ, ಪೂರ್ತಿಯಾಗಿ ಕೊಟ್ಟುಬಿಡುವುದೇ ಅದರ ಮೂಲ. ಇಂಗ್ಲಿಷಿನ ದಾಯಾದಿಯಾದ ಜರ್ಮನ್ ಭಾಷೆಯಲ್ಲಿ ‘ಗೇಬೆನ್’ ಎಂದರೆ ಕೊಡು, ‘ಔಫ್’ ಎಂದರೆ ಮೇಲೆ, ‘ಔಫ್‌ಗೇಬೆನ್’ ಎಂದರೆ ಬಿಟ್ಟುಬಿಡು. ಒಡನೆಯೇ ನನಗೆ ನೆನಪಾಗುವವರು ಕಿಟ್ಟೆಲ್. 1853ರಲ್ಲಿ ಈ ನಾಡಿಗೆ ಬಂದು, 1894ರಲ್ಲಿ ನಮಗೆ ಮಹಾನಿಘಂಟನ್ನು ಕೊಟ್ಟ ಆ ಜರ್ಮನ್ ಪಾದ್ರಿಗೆ ನಮ್ಮ ‘ಕೊಟ್ಟುಬಿಡು’ ಮೊದಲ ಸಲ ಕಿವಿಗೆ ಬಿದ್ದಾಗ ತೀರ ಅಪರಿಚಿತವೆನಿಸಿರಲಾರದು.

ಇನ್ನು ಪ್ರಯೋಗಕ್ಕೆ ಬರೋಣ. ಚಟವನ್ನೋ ಅಭ್ಯಾಸವನ್ನೋ ಕುರಿತು ‘ಗಿವ್ ಅಪ್’ ಎಂದರೆ ಬಿಟ್ಟುಬಿಡು. ಆಗ ಅದರ ಮುಂದೆ ‘ಸ್ಮೋಕಿಂಗ್’ ಎಂದೇ ಬರಬೇಕು, ‘ಟು ಸ್ಮೋಕ್’ ಎಂದು ಬರಬಾರದು. ಅಪರಾಧಿ ತನ್ನನ್ನು ತಾನೇ ‘ಗಿವ್ ಅಪ್’ ಮಾಡಿದರೆ ಪೊಲೀಸರಿಗೆ ಶರಣಾದ ಎಂದರ್ಥ. ಒಗಟಿಗೆ ಉತ್ತರ ತಿಳಿಯದವನು ‘ಐ ಗಿವ್ ಅಪ್’ ಎಂದರೆ ‘ಸೋತೆ, ನೀನೇ ಹೇಳು’ ಎಂದರ್ಥ. ಕೆಲವೆಡೆ ಎರಡು ಭಾಷೆಗಳೂ ಒಂದೇ ದಾರಿಯಲ್ಲಿ ನಡೆದಿರುವುದನ್ನು ಕಂಡರೆ ಸೋಜಿಗವಾಗುತ್ತದೆ. ಸತ್ತ ಎನ್ನಲು ನಾವು ‘ಪ್ರಾಣ ಬಿಟ್ಟ’ ಎನ್ನುತ್ತೇವೆ. ಇಂಗ್ಲಿಷಿನವರು ‘ಗೇವ್ ಅಪ್ ದಿ ಗೋಸ್ಟ್’ ಎನ್ನುತ್ತಾರೆ. ‘ಗೋಸ್ಟ್’ ಎಂಬುದಕ್ಕೆ ಹಳೆಯ ಅರ್ಥ ಪ್ರಾಣ, ಜೀವ. 1611ರ ಇಂಗ್ಲಿಷ್ ಬೈಬಲ್ಲಿನಲ್ಲಿ ಆ ಪ್ರಯೋಗವಿದೆ; ಇಂದು ಕೆಟ್ಟುನಿಂತ ಹಳೆಯ ಮೋಟಾರಿಗೂ ಅದನ್ನೇ ತಮಾಷೆಯಾಗಿ ಅನ್ನುತ್ತಾರೆ. ಇದನ್ನು ತಿಳಿಯದ ವಿದ್ಯಾರ್ಥಿಯೊಬ್ಬ ‘ಮುದುಕನಿಗೆ ದೆವ್ವ ಬಿಟ್ಟಿತು’ ಎಂದು ಅನುವಾದಿಸಿದ್ದ. ನಮ್ಮ ಕಡೆ ದೆವ್ವ ಬಿಟ್ಟಿತೆಂದರೆ ರೋಗಿ ಎದ್ದು ಕುಳಿತ ಎಂದರ್ಥ! ಸತ್ತವನನ್ನು ಬದುಕಿಸಿದ ಪುಣ್ಯ ಆ ಹುಡುಗನಿಗೆ ಬಂತು.

ಬಸ್ಸಿನಲ್ಲಿ ವೃದ್ಧರಿಗೆ ಜಾಗವನ್ನು ‘ಗಿವ್ ಅಪ್’ ಮಾಡುವುದು ಬೇರೆ ಛಾಯೆ. ಅದಕ್ಕೆ ನಮ್ಮಲ್ಲಿ ‘ಕೊಟ್ಟುಬಿಡು’ ಎಂಬುದನ್ನೇ ತಿರುವಿಹಾಕಿದಂಥ ಇನ್ನೊಂದು ಮಾತಿದೆ: ‘ಬಿಟ್ಟುಕೊಡು’. ಇಲ್ಲಿ ಬೆನ್ನಿಗೆ ಬಂದಿರುವ ‘ಕೊಡು’ ಎದುರಿಗೆ ಒಬ್ಬ ಪಡೆಯುವವನಿದ್ದಾನೆಂದು ಹೇಳುತ್ತದೆ. ಬರೆದುಕೊಡು, ಓದಿಕೊಡು ಎಂಬಲ್ಲಿ ಇದ್ದ ಹಾಗೆ. ಬೀಡಿ ಬಿಟ್ಟವನು ಯಾರಿಗೂ ಬಿಟ್ಟುಕೊಡಲಿಲ್ಲ. ಜಾಗ ಬಿಟ್ಟವನು ಬಿಟ್ಟುಕೊಟ್ಟ. 2015ರಲ್ಲಿ ಕೇಂದ್ರ ಸರ್ಕಾರ ಅಡಿಗೆ ಅನಿಲದ ಸಬ್ಸಿಡಿಯನ್ನು ಉಳ್ಳವರು ತಾವಾಗಿ ಬಿಟ್ಟುಕೊಡಲಿ ಎಂದು ಕೋರಿದಾಗ ಆ ಆಂದೋಲನಕ್ಕೆ ‘ಗಿವ್ ಇಟ್ ಅಪ್’ ಎಂದು ಹೆಸರಿಟ್ಟಿತ್ತು. ಮರುವರ್ಷದ ಹೊತ್ತಿಗೆ ಒಂದು ಕೋಟಿಗೂ ಹೆಚ್ಚು ಮಂದಿ ಹಾಗೆ ಬಿಟ್ಟುಕೊಟ್ಟರು. ವ್ಯಾಕರಣದ ಒಂದು ಸೂತ್ರವೂ ಆ ಹೆಸರಿನಲ್ಲಿಯೇ ಅಡಗಿದೆ. ‘ಇಟ್’ ನಡುವೆ ನುಸುಳಿದೆ, ನೋಡಿ. ನಾಮಪದವಾದರೆ ‘ಅಪ್’ನ ಹಿಂದೆಯಾದರೂ ಇರಬಹುದು, ಮುಂದೆಯಾದರೂ ಇರಬಹುದು, ಸರ್ವನಾಮವಾದರೆ ನಡುವೆಯೇ ನಿಲ್ಲಬೇಕು. ‘ಗಿವ್ ಅಪ್ ಇಟ್’ ಎಂದರೆ ಇಂಗ್ಲಿಷ್ ಕಿವಿಗೆ ಕಲ್ಲು ಸಿಕ್ಕ ಅನ್ನದಂತಾಗುತ್ತದೆ.

‘ಗಿವ್ ಇನ್’ ಎಂಬ ಅದರ ತಮ್ಮನನ್ನು ಒಂದು ಮಾತಿನಲ್ಲಿ ಮುಗಿಸುತ್ತೇನೆ. ಎದುರಿನವನ ಒತ್ತಾಯಕ್ಕೆ ಮಣಿದರೆ ‘ಗಿವ್ ಇನ್’. ಒತ್ತಾಯಿಸುವವನು ಇರಲಿ ಇಲ್ಲದಿರಲಿ ಹಿಡಿದದ್ದನ್ನು ಬಿಟ್ಟರೆ ‘ಗಿವ್ ಅಪ್’.

ನಮ್ಮ ‘ಬಿಡು’ವನ್ನು ಎಲ್ಲಿ ಕೈಬಿಡಬೇಕು ಎಂಬುದೂ ಕಲಿಯಬೇಕಾದ ಪಾಠವೇ. ಮಳೆ ಬಿಟ್ಟಿತು, ಜ್ವರ ಬಿಟ್ಟಿತು, ಶಾಲೆ ಬಿಟ್ಟಿತು, ಬಸ್ಸು ಬಿಟ್ಟಿತು, ಸೀರೆ ಬಣ್ಣ ಬಿಟ್ಟಿತು, ಮಗು ಕಣ್ಣು ಬಿಟ್ಟಿತು, ಮಲ್ಲಿಗೆ ಹೂ ಬಿಟ್ಟಿತು. ಇವುಗಳಲ್ಲಿ ಒಂದಕ್ಕೂ ‘ಗಿವ್ ಅಪ್’ ಸಲ್ಲದು. ಕಾರಣ ಸರಳ: ‘ಗಿವ್ ಅಪ್’ ಮಾಡಬೇಕಾದರೆ ಮೊದಲು ಅದನ್ನು ಹಿಡಿದುಕೊಂಡಿರಬೇಕು; ಬಿಡುವುದರಲ್ಲಿ ಸ್ವಲ್ಪವಾದರೂ ಕಷ್ಟವಿರಬೇಕು. ಮಳೆಗೆ ಸುರಿಯುವ ಚಟವೇನಿಲ್ಲ. ‘ಸ್ಟಾಪ್’ ಎಂಬುದಕ್ಕೂ ಇದಕ್ಕೂ ಇರುವ ಅಂತರ ಇದೇ. ಫೋನು ಬಂತೆಂದು ಓದುವುದನ್ನು ‘ಸ್ಟಾಪ್’ ಮಾಡಿ, ಮತ್ತೆ ಓದಬಹುದು; ‘ಗಿವ್ ಅಪ್’ ಮಾಡಿದರೆ ಪುಸ್ತಕ ಮುಚ್ಚಿಯೇ ಹೋಯಿತು. ಕನ್ನಡ ಕಲಿಯಬಂದ ಇಂಗ್ಲಿಷಿನವನ ಪಾಡನ್ನೂ ಇಲ್ಲಿ ನೆನೆಯಬೇಕು. ಗಿಡ ಹೂ ಬಿಟ್ಟಿತೆಂದರೆ ಅದಕ್ಕೆ ಹೂವಿನ ಮೇಲೆ ವೈರಾಗ್ಯ ಬಂತೆಂದು ಅವನು ತಿಳಿದರೆ ನಗುವ ಹಕ್ಕು ನಮಗಿಲ್ಲ.

ನಗೆಯ ಮಾತು ಇಷ್ಟು ಸಾಕು. 1987ರಲ್ಲಿ ನಾನು ಒಂದು ತಾಲ್ಲೂಕು ಊರಿನ ಕಾಲೇಜಿನಲ್ಲಿದ್ದೆ. ನಮ್ಮ ಬೀದಿಯ ಹೆಣ್ಣುಮಗಳೊಬ್ಬರ ಗಂಡ ಮುಂಬಯಿಯ ಗಿರಣಿಯೊಂದರಲ್ಲಿ ಕೆಲಸಕ್ಕಿದ್ದ. ಅವನು ಕಾಯಿಲೆಯಿಂದ ಆಸ್ಪತ್ರೆ ಸೇರಿದನೆಂದು ಜೊತೆಗಾರನೊಬ್ಬ ಕಾಗದ ಬರೆದಿದ್ದ. ಅವನಿಗೆ ಕನ್ನಡ ಬಾರದು, ಕಾಗದ ಇಂಗ್ಲಿಷಿನಲ್ಲಿತ್ತು. ‘ದಿ ಡಾಕ್ಟರ್ಸ್ ಹ್ಯಾವ್ ನಾಟ್ ಗಿವನ್ ಹಿಮ್ ಅಪ್’ ಎಂಬುದು ಅದರ ಮುಖ್ಯ ವಾಕ್ಯ. ಪಕ್ಕದ ಮನೆಯ ಪಿ.ಯು.ಸಿ. ಹುಡುಗ ಅದನ್ನು ಓದಿ, ‘ಡಾಕ್ಟರು ಅವರನ್ನು ಇನ್ನೂ ಬಿಟ್ಟುಕೊಟ್ಟಿಲ್ಲ’ ಎಂದು ಹೇಳಿದ. ಮನೆಯವರು ಏನು ತಿಳಿದರೆಂದರೆ, ಕಾಯಿಲೆ ವಾಸಿಯಾಗಿದೆ, ಆಸ್ಪತ್ರೆಯ ಬಾಕಿ ಕಟ್ಟಿಲ್ಲವೆಂದು ಮನೆಗೆ ಕಳಿಸುತ್ತಿಲ್ಲ. ಹಣ ಕಳಿಸಿದರೆ ತಾನೇ ಬರುತ್ತಾನೆಂದು ಎರಡು ದಿನ ಕೈಸಾಲಕ್ಕೆ ಓಡಾಡಿದರು. ಹೊರಡುವ ಯೋಚನೆಯೇ ಯಾರಿಗೂ ಬರಲಿಲ್ಲ.

ಮೂರನೆಯ ದಿನ ಆಕೆ ನನ್ನ ಮನೆಗೂ ಸಾಲ ಕೇಳಲು ಬಂದರು. ಇಂಗ್ಲಿಷ್ ಮೇಷ್ಟರು ರಜದ ಮೇಲೆ ಹೋಗಿದ್ದರಿಂದ, ‘ಎಷ್ಟು ಬಾಕಿ ಅಂತ ಇದರಲ್ಲಿ ಬರೆದಿದೆಯೇನು ನೋಡಿ, ಮೇಷ್ಟ್ರೇ’ ಎಂದು ಕಾಗದವನ್ನು ನನ್ನ ಕೈಗಿತ್ತರು. ಅದರಲ್ಲಿ ಬಾಕಿಯ ಮಾತೇ ಇರಲಿಲ್ಲ. ವೈದ್ಯರು ರೋಗಿಯನ್ನು ‘ಗಿವ್ ಅಪ್’ ಮಾಡುವುದೆಂದರೆ ಉಳಿಯುವ ಆಸೆ ಬಿಡುವುದು, ಕೈಚೆಲ್ಲುವುದು. ಇನ್ನೂ ಕೈಚೆಲ್ಲಿಲ್ಲ ಎಂದು ಆ ಸ್ನೇಹಿತ ಬರೆದಿದ್ದ. ಈ ಮಾತಿನ ನಿಷೇಧರೂಪ ಎಷ್ಟು ಭಾರವಾದುದೆಂದು ನೋಡಿ: ನೆಗಡಿಯಾದವನನ್ನು ಕುರಿತು ಡಾಕ್ಟರು ಇನ್ನೂ ಕೈಬಿಟ್ಟಿಲ್ಲ ಎಂದು ಯಾವ ಭಾಷೆಯಲ್ಲಿಯೂ ಯಾರೂ ಹೇಳುವುದಿಲ್ಲ. ಕೈಬಿಡಬಹುದಾದ ಸ್ಥಿತಿ ಬಂದಿದೆ ಎಂಬುದೇ ಅದರೊಳಗಿನ ಸುದ್ದಿ. ಆಕೆಗೆ ಆ ಸುದ್ದಿಯನ್ನು ಹೇಗೆ ಹೇಳಿದೆನೋ ಈಗ ನೆನಪಿಲ್ಲ. ಆ ರಾತ್ರಿಯ ರೈಲಿಗೆ ಅವರನ್ನೂ ಅವರ ಮೈದುನನನ್ನೂ ಹತ್ತಿಸಿದ್ದು ನೆನಪಿದೆ. ಗಂಡ ಬದುಕಿ ಬಂದ. ಹುಡುಗನನ್ನು ನಾನು ಬೈಯಲಿಲ್ಲ. ‘ಗಿವ್’ ಎಂದರೆ ಕೊಡು ಎಂದು ನಾವು ಕಲಿಸಿದ್ದೆವು, ಅದರಂತೆ ಅವನು ಓದಿದ್ದ.

ಇದೇ ಮಾತಿಗೆ ‘ಆನ್’ ಎಂಬ ಇನ್ನೊಂದು ಚೂರು ಸೇರಿದರೆ ‘ಗಿವ್ ಅಪ್ ಆನ್’ ಆಗುತ್ತದೆ. ಅದು ಒಬ್ಬ ಮನುಷ್ಯನ ಮೇಲೆ ಇಟ್ಟ ಭರವಸೆಯನ್ನು ಕಳೆದುಕೊಳ್ಳುವುದು. ‘ಅವನು ಉದ್ಧಾರವಾಗುವವನಲ್ಲ’ ಎಂದು ತೀರ್ಮಾನಿಸಿ ಮುಖ ತಿರುಗಿಸುವುದು. ಕಡೆಯ ಬೆಂಚಿನ ಹುಡುಗರ ವಿಷಯದಲ್ಲಿ ನಮ್ಮ ಅಧ್ಯಾಪಕವರ್ಗ ಇದನ್ನು ಬಹು ಬೇಗ ಮಾಡುತ್ತದೆ. ಇಂಗ್ಲಿಷ್ ಪತ್ರಿಕೆಯಲ್ಲಿ ಎರಡು ಸಲ ನಪಾಸಾಗಿ ಕಾಲೇಜು ಬಿಟ್ಟವರನ್ನು ನಾನು ಬಹಳ ಮಂದಿಯನ್ನು ಬಲ್ಲೆ. ಅವರು ಇಂಗ್ಲಿಷನ್ನು ‘ಗಿವ್ ಅಪ್’ ಮಾಡುವುದಕ್ಕೆ ಎಷ್ಟೋ ಮೊದಲೇ ನಾವು ಅವರನ್ನು ‘ಗಿವ್ ಅಪ್ ಆನ್’ ಮಾಡಿಯಾಗಿತ್ತು.

ಈಚಿನ ತರುಣರು ‘ಗಿವ್ ಅಪ್ ಮಾಡಬೇಡ’ ಎಂದು ಕನ್ನಡದ ನಡುವೆ ಧಾರಾಳವಾಗಿ ಬಳಸುವುದನ್ನು ಕೇಳುತ್ತೇನೆ. ನನಗೆ ಅದರ ಮೇಲೆ ಕೋಪವೇನಿಲ್ಲ. ಆದರೆ ಬಿಟ್ಟುಬಿಡು, ಬಿಟ್ಟುಕೊಡು, ಕೈಬಿಡು, ಕೈಚೆಲ್ಲು, ಸೋಲೊಪ್ಪು ಎಂಬ ಐದು ಮಾತುಗಳು ನಿಲ್ಲುತ್ತಿದ್ದ ಜಾಗದಲ್ಲಿ ಒಂದೇ ಮಾತು ನಿಂತರೆ, ಆಡುವವನ ಮನಸ್ಸಿನಲ್ಲಿ ಐದರಲ್ಲಿ ಯಾವುದಿತ್ತು ಎಂದು ಕೇಳುವವನು ಊಹಿಸಬೇಕಾಗುತ್ತದೆ. ಇವುಗಳ ಜೊತೆಗೆ ಇಂಗ್ಲಿಷಿನ ಆ ಜೋಡಿಗೆ ಇಲ್ಲದ ಆರನೆಯ ರೂಪವೊಂದು ನಮ್ಮಲ್ಲಿದೆ: ‘ಬಿಡಿಸು’.

ಅದನ್ನು ನನ್ನ ಗಮನಕ್ಕೆ ತಂದವಳು ಒಬ್ಬ ವಿದ್ಯಾರ್ಥಿನಿ. 2003ರಲ್ಲಿ, ನಾಲ್ಕು ವರ್ಷಗಳ ಬಿಡುವಿನ ನಂತರ, ಆಕೆ ಮತ್ತೆ ಬಿ.ಎ. ಸೇರಲು ಬಂದಿದ್ದಳು. ನಡುವಿನ ವರ್ಷಗಳಿಗೆ ಕಾರಣ ಕೊಟ್ಟು ಇಂಗ್ಲಿಷಿನಲ್ಲಿ ಅರ್ಜಿ ಬರೆಯಬೇಕಾಗಿತ್ತು. ಕಚೇರಿಯ ಗುಮಾಸ್ತರು ಎಲ್ಲರಿಗೂ ಬರೆಸುವ ವಾಕ್ಯವನ್ನೇ ಅವಳಿಗೂ ಹೇಳಿಕೊಟ್ಟಿದ್ದರು: ‘ಐ ಗೇವ್ ಅಪ್ ಮೈ ಸ್ಟಡೀಸ್.’ ಅವಳು ಅದನ್ನು ಬರೆದು, ಸಹಿ ಹಾಕದೆ, ನನ್ನ ಹತ್ತಿರ ತಂದಳು.

‘ಸರ್, ಹೀಗೆಂದರೆ ನಾನೇ ಬಿಟ್ಟ ಹಾಗಾಗುತ್ತದಲ್ಲವೆ?’

‘ಹೌದು, ಹಾಗೇ ಆಗುತ್ತದೆ’ ಎಂದೆ.

‘ನಾನು ಬಿಡಲಿಲ್ಲ, ಸರ್. ಬಿಡಿಸಿದರು.’

ಕನ್ನಡದಲ್ಲಿ ಒಂದು ‘ಇಸು’ ಪ್ರತ್ಯಯ ಸಾಕು. ಯಾರು ಮಾಡಿದರು, ಯಾರಿಂದ ಮಾಡಿಸಲಾಯಿತು ಎಂಬುದು ತಿಳಿದುಹೋಗುತ್ತದೆ. ಇಂಗ್ಲಿಷಿನಲ್ಲಿ ಅದಕ್ಕೆ ಬೇರೆ ಕ್ರಿಯಾಪದದ ನೆರವು ಬೇಕು. ಇಬ್ಬರೂ ಕುಳಿತು ಯೋಚಿಸಿ ‘ಐ ವಾಸ್ ಮೇಡ್ ಟು ಗಿವ್ ಅಪ್ ಮೈ ಸ್ಟಡೀಸ್’ ಎಂದು ತಿದ್ದಿದೆವು. ಇಷ್ಟುದ್ದ ಏಕೆ, ಮೊದಲಿನದೇ ಇರಲಿ ಎಂದು ಗುಮಾಸ್ತರು ಗೊಣಗಿದರು. ಅವಳು ಒಪ್ಪಲಿಲ್ಲ. ಅರ್ಜಿ ಪ್ರಿನ್ಸಿಪಾಲರ ಮೇಜಿಗೆ ಹೋಯಿತು. ಅವರು ಆ ಸಾಲನ್ನು ಎರಡು ಸಲ ಓದಿದರು. ಅವಳ ಮುಖವನ್ನೊಮ್ಮೆ ನೋಡಿ, ಏನೂ ಕೇಳದೆ ರುಜು ಹಾಕಿದರು.